ಎಲೆಯ ಮುಂದೆ ಕೇಳಿದ ಬುರ್ರೊ

ಹೊಳೆಬಾಗಿಲ ರಾಜ ಜಟ್ಟಿಂಗರಾಯನ ಬಂದರಿಗೆ ಪರಂಗಿ ಹಡಗು ಬಂತೆಂದರೆ ದುಭಾಷಿ ನಾಗಪ್ಪಯ್ಯನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಕಲಿತದ್ದು ಪೋರ್ಚುಗೀಸ್ ಒಂದೇ, ಜಂಬ ಮಾತ್ರ ಹಡಗಿನಷ್ಟು. ಪೋರ್ಚುಗೀಸ್, ಸ್ಪ್ಯಾನಿಷ್, ಇಟಾಲಿಯನ್ ಎಲ್ಲ ಲ್ಯಾಟಿನ್ ತಾಯಿಯ ಹೆಣ್ಣುಮಕ್ಕಳಂತೆ. ಒಬ್ಬಳ ಮಾತು ಬಂದರೆ ಮನೆಮಂದಿಯ ಮಾತೆಲ್ಲ ಬಂದ ಹಾಗಂತೆ.

ಒಂದು ದಿನ ಇಟಲಿಯ ವರ್ತಕ ಲೊರೆಂಜೊ ಅರಮನೆಯ ಪಂಕ್ತಿಯಲ್ಲಿ ಕೂತ. ಪಕ್ಕದ ಎಲೆ ದುಭಾಷಿಯದು, ಎದುರಿಗೆ ರಾಜ. ರೊಟ್ಟಿ ಮುರಿದ ಲೊರೆಂಜೊ ರಾಜನ ಕಡೆ ನೋಡಿ ನಗುತ್ತ "ಬುರ್ರೊ" ಅಂದ.

ದುಭಾಷಿಯ ಮುಖ ಬಿಳಿಚಿಕೊಂಡಿತು. ಏನಂತೆ ಎಂದು ರಾಜ ಕೇಳಿದ.

"ಹೇಳೋಕೆ ನಾಲಿಗೆ ಏಳದು, ಪ್ರಭು. ಕತ್ತೆ ಅಂದ."

ರಾಜ ಕೆಂಡವಾದ. ಹಡಗು ಜಪ್ತಿ ಮಾಡಿ, ಇವನನ್ನು ಸೆರೆಗೆ ತಳ್ಳಿ ಎಂದ. ಭಟರು ಬಂದು ನಿಂತರು. ಪಾಪ, ಏನೂ ತಿಳಿಯದ ಲೊರೆಂಜೊ ರೊಟ್ಟಿ ಹಿಡಿದುಕೊಂಡೇ ಒಬ್ಬೊಬ್ಬರ ಮುಖ ನೋಡಿದ.

ಆಗ ಆಸ್ಥಾನದ ಕೀಟಲೆಗಾರ ಬೀರಣ್ಣ ಎದ್ದು ಕೈಮುಗಿದ. ರಾಜನ ತಾತ ಮಾಡಿಟ್ಟ ಪದ್ಧತಿಯನ್ನು ನೆನಪಿಸಿದ: ಎಲೆಯ ಮುಂದೆ ಕೂತವರು ಬಾಯಿಬಿಟ್ಟು ಕೇಳಿದ್ದನ್ನು ಬಡಿಸದೆ ಎಬ್ಬಿಸುವಂತಿಲ್ಲ. ಬಡಿಸಿದ ಮೇಲೆ ಧಾರಾಳವಾಗಿ ಸೆರೆಗೆ ಹಾಕಿ ಎಂದ. ತಾತನ ಮಾತು ಮೀರುವುದುಂಟೆ? ರಾಜ ಹಲ್ಲು ಕಚ್ಚಿಕೊಂಡು ಒಪ್ಪಿದ.

ಬೀರಣ್ಣ ಲಾಯಕ್ಕೂ ಹೇಳಿಕಳಿಸಿದ, ಅಡುಗೆಮನೆಗೂ ಹೇಳಿಕಳಿಸಿದ. ಮೊದಲು ಕತ್ತೆ ಬಂತು. ಲೊರೆಂಜೊ ಅದನ್ನು ನೋಡಿ ಕಣ್ಣುಕಣ್ಣು ಬಿಟ್ಟ. ಹಿಂದೆಯೇ ಬೆಣ್ಣೆಯ ಬಟ್ಟಲು ಬಂತು. "ಬುರ್ರೊ, ಬುರ್ರೊ" ಎನ್ನುತ್ತ ಅವನು ಅರ್ಧ ಬಟ್ಟಲು ಬೆಣ್ಣೆಯನ್ನು ರೊಟ್ಟಿಗೆ ಮೆತ್ತಿಕೊಂಡ.

ರಾಜನ ಸಿಟ್ಟು ಜರ್ರನೆ ಇಳಿಯಿತು. ನಿನಗೆ ಹೇಗೆ ಗೊತ್ತಾಯಿತೋ ಎಂದು ಬೀರಣ್ಣನನ್ನು ಕೇಳಿದ.

"ಒಣ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ನಗುವವನು ಯಾಕೆ ಬೈತಾನೆ, ಪ್ರಭು?"

ಪೋರ್ಚುಗೀಸರಲ್ಲಿ ಅದು ಕತ್ತೆಯೇ, ಸ್ಪ್ಯಾನಿಷರಲ್ಲೂ ಕತ್ತೆಯೇ ಎಂದು ನಾಗಪ್ಪಯ್ಯ ಗೊಣಗಿದ. ಅದೇನೋ ನಿಜವೇ. ಹಳೆಯ ಲ್ಯಾಟಿನ್ ತಾಯಿಯ ಬಾಯಲ್ಲಿ ಅಂಥದೇ ಮಾತಿಗೆ ಕೆಂಪು ಎಂಬ ಅರ್ಥವಂತೆ; ಆ ಬಣ್ಣದಿಂದ ಕತ್ತೆಗೆ ಹೆಸರಾಯಿತಂತೆ, ಇಟಲಿಯ ಬೆಣ್ಣೆಯ ಹೆಸರು ಬೇರೆ ಮಾತಿನಿಂದ ಬಂದದ್ದಂತೆ. ಅಕ್ಕತಂಗಿಯರು ಬೇರೆ ಬೇರೆ ಮನೆ ಸೇರಿದ ಮೇಲೆ, ಒಂದೇ ಥರದ ಡಬ್ಬದಲ್ಲಿ ಒಬ್ಬಳು ಸಕ್ಕರೆ ಇಟ್ಟರೆ ಇನ್ನೊಬ್ಬಳು ಉಪ್ಪು ಇಡುವುದಿಲ್ಲವೆ ಎಂದು ಬೀರಣ್ಣ ಸಮಾಧಾನ ಹೇಳಿದ.

ರಾಜ ನಗುತ್ತ, ಆ ಕತ್ತೆಯನ್ನು ಲಾಯಕ್ಕೆ ಅಟ್ಟಿ ಎಂದ.

"ಅದು ಹೇಗಾಗುತ್ತೆ, ಪ್ರಭು? ಎಲೆಯ ಮುಂದೆ ಕೂತು ಕತ್ತೆ ಅಂತ ಬಾಯಿಬಿಟ್ಟವರು ನಾಗಪ್ಪಯ್ಯನವರೊಬ್ಬರೇ. ಅವರಿಗೆ ಅದನ್ನು ಬಡಿಸದೆ ಎಬ್ಬಿಸೋ ಹಾಗಿಲ್ಲ."

ರಾಜ ನಕ್ಕ ನಗುವಿಗೆ ಅವನ ರೊಟ್ಟಿಯೇ ಕೈಜಾರಿತು. ಅವತ್ತು ನಾಗಪ್ಪಯ್ಯ ಕೈ ತೊಳೆದು ಮನೆಗೆ ನಡೆದದ್ದು ಕತ್ತೆಯ ಹಗ್ಗ ಹಿಡಿದುಕೊಂಡೇ.