ಜವರ ಡಿಸ್ಕು ಹಂಚಿದ್ದು

ಒಬ್ಬಳು ತಾಯಿ, ಅವಳಿಗೊಬ್ಬನೇ ಮಗ. ತಾಯಿ ದೊಡ್ಡತಾಯಮ್ಮ, ಮಗ ಜವರ. ಅವನಿಗೆ ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರಿಯಲ್ಲಿತ್ತು. ಈಗಲೇ ನಗಬೇಡಿ, ನಗೋದಕ್ಕೆ ಮುಂದೆ ಬೇಕಾದಷ್ಟಿದೆ. ಕೆಟ್ಟವನಲ್ಲ ಕಣ್ರೀ. ಅಮ್ಮ ಹೇಳಿದ ಮಾತು ಒಂದು ದಿನವೂ ಮೀರಿದವನಲ್ಲ. ಕಷ್ಟ ಬಂದಿದ್ದೇ ಅಲ್ಲಿ! "ನಾನು ಬರೋವರೆಗೂ ಒಲೆ ಮುಂದೆ ಕೂತಿರು" ಅಂದ್ರೆ, ಅನ್ನ ಸೀದು, ಒಲೆ ಆರಿ, ಬೆಕ್ಕು ಬಂದು ಹಾಲೆಲ್ಲ ಕುಡಿದು ಬಾಯಿ ಒರೆಸಿಕೊಂಡು ಹೋದರೂ ಕೂತೇ ಇರೋನು. "ಅಯ್ಯೋ ನಿನ್ನ! ಇದೇನೋ ಇದು?" ಅಂದ್ರೆ, "ಕೂತಿರು ಅಂದಿದ್ಯಲ್ಲಮ್ಮಾ!" ಅನ್ನೋನು.

ನಂಜನಗೂಡಿನ ಫ್ಯಾಕ್ಟರಿ ಸಾಲಿನಲ್ಲಿ ಒಂದು ಕಂಪನಿ ಇತ್ತು. ಹಳ್ಳಿ ಡೈರಿಯಲ್ಲಿ ಹಾಲಿನ ಡಿಗ್ರಿ ನೋಡಿ ಚೀಟಿ ಕೊಡೋ ಮಿಷನ್ ಇರುತ್ತಲ್ಲ, ಅದಕ್ಕೆ ಸಾಫ್ಟ್‌ವೇರ್ ಮಾಡೋ ಕಂಪನಿ. ಹೊಸ ಸಾಫ್ಟ್‌ವೇರ್ ಬಂದಾಗಲೆಲ್ಲ ಮಹಡಿ ಮೇಲಿನ ಎಂಜಿನಿಯರುಗಳು ಒಂದೇ ಒಂದು ಮಾಸ್ಟರ್ ಡಿಸ್ಕು ಮಾಡಿ ಕೆಳಗೆ ಕಳಿಸೋರು. ಕೆಳಗೆ ಡಿಸ್ಕು ರೂಮಿನಲ್ಲಿ ಅದರ ಕಾಪಿ ತೆಗೀಬೇಕು, ಲೇಬಲ್ ಅಂಟಿಸಬೇಕು, ಊರಿಗೊಂದು ಪ್ಯಾಕೆಟ್ ಮಾಡಿ ಕೊರಿಯರ್‌ನವನಿಗೆ ಕೊಡಬೇಕು. ಇಷ್ಟೇ ಕೆಲಸ. ಆ ರೂಮಿಗೆ ಪಂಕಜಾ ಮೇಡಂ ಯಜಮಾನಿ.

ದೊಡ್ಡತಾಯಮ್ಮ ಅದೇ ಕಂಪನಿ ಕ್ಯಾಂಟೀನಿನಲ್ಲಿ ಟೀ ಕಾಸೋಳು. ಗಂಡ ಇಲ್ಲ, ಗದ್ದೆ ಇಲ್ಲ. ಆ ಟೀ ಒಲೆ ಉರಿದರೆ ಮನೆ ಒಲೆ ಉರಿಯೋದು. ಅವಳು ಮೇಡಂ ಕೈಕಾಲು ಹಿಡಿದು ಮಗನನ್ನ ಡಿಸ್ಕು ರೂಮಿಗೆ ಸೇರಿಸಿದಳು.

ಮೇಡಂ ಅಂದ್ರು: "ನೋಡು ದೊಡ್ಡತಾಯಮ್ಮ, ತಿಂಗಳ ಕೊನೆಗೆ ಹಳೇ ಸಾಫ್ಟ್‌ವೇರ್ ನಿಂತುಹೋಗುತ್ತೆ. ಅಷ್ಟರಲ್ಲಿ ಎಲ್ಲ ಊರಿಗೂ ಹೊಸ ಡಿಸ್ಕು ಮುಟ್ಟಬೇಕು. ಇವನಿಂದ ಕೆಲಸ ಕೆಟ್ಟರೆ, ಇವನ ಜೊತೆ ನೀನೂ ಮನೆಗೆ!"

"ನನ್ನ ಮಗ ಹೇಳಿದ್ದು ಮೀರಲ್ಲ ಮೇಡಂ!" ಅಂದಳು ತಾಯಿ. ಪಾಪ, ನಿಜವನ್ನೇ ಹೇಳಿದಳು.

ಮೊದಲ ದಿನ ಮೇಡಂ, "ಜವರಾ, ಮೇಲೆ ಹೋಗಿ ಮಾಸ್ಟರ್ ಡಿಸ್ಕು ತಗೊಂಡು ಬಾ" ಅಂದ್ರು. ಜವರ ಹೋದ, ತಗೊಂಡ, ಪ್ಯಾಂಟಿನ ಜೇಬಿಗೆ ತುರುಕಿದ. ಜೇಬಿನಲ್ಲಿ ಸೈಕಲ್ ಬೀಗದ ಕೈ, ಎರಡು ಮೊಳೆ, ಒಂದು ಮುರುಕು ಬಾಚಣಿಗೆ. ಮೆಟ್ಟಿಲು ಇಳಿದು ಬರೋ ಹೊತ್ತಿಗೆ ಡಿಸ್ಕಿನ ಮೈಮೇಲೆ ಬೆಕ್ಕು ಕಾದಾಡಿದ ಹಾಗೆ ಗೀರು!

"ಅಯ್ಯಯ್ಯೋ!" ಅಂದ್ರು ಮೇಡಂ. ಎಂಜಿನಿಯರುಗಳು ಗೊಣಗಿಕೊಂಡು ಇನ್ನೊಂದು ಮಾಡೋಕೆ ಕೂತರು.

ಮನೆಗೆ ಬಂದ ಮೇಲೆ ತಾಯಿ ಹಣೆ ಚಚ್ಚಿಕೊಂಡಳು. "ಅಲ್ವೋ ಮಂಕೇ! ಬೆಲೆ ಬಾಳೋ ವಸ್ತುವನ್ನ ಹಾಗಾ ತರೋದು? ಮೆತ್ತಗೆ ಬಟ್ಟೆಯಲ್ಲಿ ಸುತ್ತಬೇಕು. ಮೇಲಿಂದ ಕೆಳಗೆ ಮುಚ್ಚಬೇಕು. ಗಾಳಿ ಕೂಡ ಸೋಕಬಾರದು!"

"ಹಾಗೇ ಮಾಡ್ತೀನಮ್ಮಾ."

ಅಮ್ಮ ಹೇಳಿದ್ದು ಮರೀತಾನಾ? ಮರೆಯೋದಿಲ್ಲ!

ಮಾರನೇ ದಿನ ಹೊಸ ಮಾಸ್ಟರ್ ಬಂತು. ಮೇಡಂ ಅದನ್ನ ತಾವೇ ಕಾಪಿ ಮಿಷನ್ನಿಗೆ ಹಾಕಿ, "ಇದು ಭಾರಿ ಬೆಲೆ ಬಾಳೋ ಮಿಷನ್ನು. ಜೋಪಾನ!" ಅಂತ ಹೇಳಿ ಊಟಕ್ಕೆ ಹೋದರು. ಬೆಲೆ ಬಾಳೋದು ಅಂದ್ರಾ? ಜವರ ವಾಚ್‌ಮನ್ ಕಂಬಳಿ ತಂದ. ಮಿಷನ್ನಿಗೆ ಸುತ್ತಿದ. ಮೇಲಿಂದ ಕೆಳಗೆ ಮುಚ್ಚಿದ. ಗಾಳಿ ಬಿಡೋ ಫ್ಯಾನ್ ಒಂದು ಹಿಂದುಗಡೆ ತಿರುಗ್ತಾ ಇತ್ತು, ಅದಕ್ಕೂ ಒಂದು ಟವಲ್ ಬಿಗಿದ. ಕಾದ ಮಿಷನ್ನು ಇನ್ನೂ ಕಾದು, ಕಂಬಳಿಯಿಂದ ಹೊಗೆ ಎದ್ದಿತು. ಮೇಡಂ ಕೈ ತೊಳೀದೆ ಓಡಿ ಬಂದರು. ಕಂಬಳಿ ಎಳೆದರೆ ಒಳಗಿನ ಡಿಸ್ಕೆಲ್ಲ ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಸೊಟ್ಟ!

"ಏನೋ ಮಾಡ್ದೆ ನೀನು?"

"ಗಾಳಿ ಸೋಕಬಾರದು ಅಂತ ಮೇಡಂ!"

ಮೇಡಂ ಅನ್ನದ ಕೈಯಲ್ಲೇ ತಲೆ ಹಿಡಿದುಕೊಂಡು ಕೂತುಬಿಟ್ಟರು. ಆ ದಿನ ತಾಯಿ ಬಯ್ದ ಬೈಗುಳ ಪಕ್ಕದ ಬೀದಿಗೆ ಕೇಳಿಸ್ತು. "ನಿನ್ನ ತಲೆಗಿಷ್ಟು! ಬಿಸಿ ಆಗೋದನ್ನ ಯಾರಾದ್ರೂ ಮುಚ್ಚುತ್ತಾರೇನೋ? ಎಲ್ಲಾ ಬಿಚ್ಚಿ ಹರವಬೇಕು. ಬಯಲಲ್ಲಿ ಇಡಬೇಕು. ಚೆನ್ನಾಗಿ ಗಾಳಿ ಆಡಬೇಕು!"

"ಹಾಗೇ ಮಾಡ್ತೀನಮ್ಮಾ."

ಮಿಷನ್ನು ರಿಪೇರಿ ಆಯ್ತು, ಮೇಲಿಂದ ಮತ್ತೊಂದು ಮಾಸ್ಟರ್ ಡಿಸ್ಕೂ ಬಂತು. ಮೇಡಂ ಈ ಸಲ ಜವರನನ್ನ ಹತ್ತಿರಕ್ಕೇ ಬಿಡಲಿಲ್ಲ. ತಾವೇ ಕಾಪಿ ತೆಗೆದು, ತಾವೇ ಲೇಬಲ್ ಅಂಟಿಸಿ, ಊರಿಗೊಂದು ಪ್ಯಾಕೆಟ್ ಮಾಡಿ ಪೆಟ್ಟಿಗೆಗೆ ತುಂಬಿದರು. "ಕೊರಿಯರ್‌ನವನು ಸಂಜೆ ಬರ್ತಾನೆ. ಪೆಟ್ಟಿಗೆ ಪಕ್ಕ ಕೂತಿರು, ಅಷ್ಟೇ" ಅಂತ ಹೇಳಿ ಮೀಟಿಂಗಿಗೆ ಹೋದರು. ಜವರ ಕೂತ. ಒಂದು ಪ್ಯಾಕೆಟ್ ಮುಟ್ಟಿ ನೋಡಿದ. ಮಿಷನ್ನಿಂದ ಬಂದ ಡಿಸ್ಕು, ಇನ್ನೂ ಬೆಚ್ಚಗಿತ್ತು! ಬಿಸಿ ಆಗೋದನ್ನ ಮುಚ್ಚಬಾರದು ಅಂದಿದ್ದಳಲ್ಲ ಅಮ್ಮ! ಪೆಟ್ಟಿಗೆ ಹೊತ್ತುಕೊಂಡು ತಾರಸಿಗೆ ಓಡಿದ. ಒಂದೊಂದೇ ಪ್ಯಾಕೆಟ್ ಬಿಚ್ಚಿದ. ಒಂದೊಂದೇ ಡಿಸ್ಕು ಸಾಲಾಗಿ ಹರವಿದ, ಸಂಡಿಗೆ ಇಟ್ಟ ಹಾಗೆ.

ನಂಜನಗೂಡಿನ ಕೋತಿಗಳ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಮೀಟಿಂಗಿನಲ್ಲಿದ್ದ ಮೇಡಂ ಕಿಟಕಿ ಕಡೆ ನೋಡಿದ್ರೆ, ಹುಣಸೇ ಮರದ ಕೊಂಬೆ ಮೇಲೆ ಒಂದು ಮುದಿ ಗಡವ ಡಿಸ್ಕಿನಲ್ಲಿ ಮುಖ ನೋಡಿಕೊಂಡು ಹಲ್ಲು ಕಿರೀತಾ ಕೂತಿದೆ! ಪಕ್ಕದಲ್ಲಿ ಅದರ ಸಂಸಾರ, ಎಲ್ಲರ ಕೈಲೂ ಒಂದೊಂದು ಡಿಸ್ಕು!

"ಜವರಾ!" ಅಂತ ಮೇಡಂ ಕಿರುಚಿದ ರಭಸಕ್ಕೆ ಕೋತಿಗಳು ಬೆಚ್ಚಿಬಿದ್ದು ಡಿಸ್ಕು ಸಮೇತ ನದಿ ಕಡೆಗೆ ಹಾರಿಹೋದವು.

ತಾಯಿ ಬಯ್ಯೋಕೂ ಆಗದೆ ಅತ್ತಳು. "ಅಯ್ಯೋ ನನ್ನ ಹೊಟ್ಟೆ ಉರಿಸಬೇಡ್ವೋ! ನಿನ್ನ ವಶಕ್ಕೆ ಕೊಟ್ಟಿದ್ದನ್ನ ಬಿಡಬಾರದು ಕಣೋ. ತಬ್ಬಿ ಹಿಡ್ಕೋ. ಯಾರು ಬಂದು ಕಿತ್ತುಕೊಂಡರೂ ಕೊಡಬೇಡ. ದೇವರೇ ಬಂದರೂ ಕೊಡಬೇಡ!"

"ಹಾಗೇ ಮಾಡ್ತೀನಮ್ಮಾ."

ಮತ್ತೆ ಕಾಪಿ, ಮತ್ತೆ ಲೇಬಲ್, ಮತ್ತೆ ಪ್ಯಾಕೆಟ್. ಕೊರಿಯರ್‌ನವನು ವ್ಯಾನ್ ತಂದು ನಿಲ್ಲಿಸಿದ. "ಎಲ್ಲಪ್ಪಾ ಡಿಸ್ಕು? ಕೊಡು."

"ಕೊಡಲ್ಲ!"

"ಕೊಡಲ್ವಾ? ಕೊಡೋದಕ್ಕೇ ತಾನೇ ನೀನಿರೋದು?"

"ದೇವರು ಬಂದರೂ ಕೊಡಲ್ಲ, ನೀನು ಯಾವ ಊರ ದಾಸಯ್ಯ?"

ಇವನು ಎಳೆದ, ಅವನು ತಬ್ಬಿದ. ಇವನು ಬಯ್ದ, ಅವನು ಪೆಟ್ಟಿಗೆ ಮೇಲೆ ಬೋರಲು ಬಿದ್ದ. ಕೊನೆಗೆ ಕೊರಿಯರ್‌ನವನು ಹರಿದ ಅಂಗಿ ಕೊಡವಿಕೊಂಡು ಖಾಲಿ ವ್ಯಾನ್ ಓಡಿಸಿಕೊಂಡು ಹೊರಟೇಹೋದ. ಮೇಡಂ ಬಂದು ನೋಡಿದರು. ಪೆಟ್ಟಿಗೆ ಇದ್ದಲ್ಲೇ ಇದೆ, ಜವರ ಅದರ ಮೇಲೆ ಮಲಗಿದ್ದಾನೆ, ಗೆದ್ದವನ ನಗು ಬೇರೆ! ತಿಂಗಳು ಮುಗಿಯೋಕೆ ಮೂರೇ ದಿನ ಉಳಿದಿತ್ತು.

"ಕಂಪನಿ ಪೆಟ್ಟಿಗೆಯನ್ನ ಕೇಳೋಕೆ ಬಂದವರಿಗೆ ಕೊಡಬೇಕಲ್ವೇನೋ?" ಅಂದಳು ತಾಯಿ. "ಕೇಳಿದ ತಕ್ಷಣ ಕೊಡು. ನಗ್ತಾ ಕೊಡು. ಎರಡೂ ಕೈಯಲ್ಲಿ ಎತ್ತಿ ಕೊಡು. ಯಾರು ಏನು ಅಂತ ಎದುರು ಮಾತಾಡಬೇಡ!"

"ಹಾಗೇ ಮಾಡ್ತೀನಮ್ಮಾ."

ಬೆಳಿಗ್ಗೆ ಕೊರಿಯರ್‌ಗಿಂತ ಮೊದಲು ಬಂದವನು ಯಾರು ಗೊತ್ತಾ? ಗುಜರಿಯವನು! "ಹಳೇ ಪೇಪರ್, ಖಾಲಿ ಸೀಸಾ! ಏನಾದ್ರೂ ಇದ್ರೆ ಕೊಡಣ್ಣಾ!" ಅಂದ ಗೇಟಿನಲ್ಲಿ. ಜವರ ನಕ್ಕ. ಎರಡೂ ಕೈಯಲ್ಲಿ ಪೆಟ್ಟಿಗೆ ಎತ್ತಿ ಕೊಟ್ಟ. ಗುಜರಿಯವನು ಬೆಪ್ಪಾಗಿ, "ಇನ್ನೇನಾದ್ರೂ ಇದೆಯಾ?" ಅಂದ. ಜವರ ಒಳಗೆ ಹೋಗಿ ಮಾಸ್ಟರ್ ಡಿಸ್ಕೂ ತಂದು ಕೊಟ್ಟ. ಗುಜರಿಯವನು ಖುಷಿಯಾಗಿ ಅವನಿಗೆ ಒಂದು ಪ್ಲಾಸ್ಟಿಕ್ ಮೊರ ಕೊಟ್ಟು, ಗಾಡಿ ತಳ್ಳಿಕೊಂಡು ಮಾಯವಾದ.

ಮೇಡಂ ಬಂದರು. ಪೆಟ್ಟಿಗೆ ಇಲ್ಲ. ಮಾಸ್ಟರ್ ಇಲ್ಲ. ಜವರ ಮೊರ ಹಿಡಿದುಕೊಂಡು ನಿಂತಿದ್ದಾನೆ.

ಮೇಡಂ ಗೋಡೆಗೆ ಒರಗಿ ಹಾಗೇ ಕೆಳಕ್ಕೆ ಜಾರಿದರು. ದೊಡ್ಡತಾಯಮ್ಮನೇ ಓಡಿ ಬಂದು ನೀರು ಕುಡಿಸಿದಳು. ಮಗನ ಕಿವಿ ಹಿಡಿದು ಮೂಲೆಗೆ ಎಳೆದಳು.

"ಕೇಳೋ! ಇದೇ ಕೊನೆ! ಎಂಜಿನಿಯರುಗಳು ಈಗ ಇನ್ನೊಂದು ಮಾಸ್ಟರ್ ಕೊಡ್ತಾರೆ. ಮೇಡಂ ಕೈಯಿಂದ ಏನೇ ಬರಲಿ, ಮೊದಲು ಊರಿಗೊಂದು ಕಾಪಿ ತೆಗಿ. ಒಂದೊಂದು ಪ್ಯಾಕೆಟ್ಟಿಗೂ ಒಂದೊಂದು ಹಾಕು. ಒಂದೂರೂ ಬಿಡಬೇಡ. ಅಂಗಿ ಹರಿದುಕೊಂಡು ಹೋದನಲ್ಲ, ಆ ವ್ಯಾನಿನವನಿಗೇ ಕೊಡು. ಮಾಸ್ಟರ್ ಮಾತ್ರ ತಂದು ನನ್ನ ಕೈಗೆ ಕೊಡು. ತಿಳೀತಾ?"

"ಹಾಗೇ ಮಾಡ್ತೀನಮ್ಮಾ!"

ಮಾಡಿದ ಕಣ್ರೀ! ನಂಬಿ, ಮಾಡಿದ! ಸಂಜೆ ಹೊತ್ತಿಗೆ ಕಾಪಿ ಎಲ್ಲ ಮುಗಿಸಿದ, ಲೇಬಲ್ ನೆಟ್ಟಗೆ ಅಂಟಿಸಿದ, ಊರಿಗೊಂದು ಪ್ಯಾಕೆಟ್ ಜೋಡಿಸಿ ಇಟ್ಟ. ಒಂದು ಗೀರಿಲ್ಲ, ಒಂದು ಸೊಟ್ಟ ಇಲ್ಲ.

ಆದರೆ ಮೇಡಂ ಅಷ್ಟರಲ್ಲಿ ತೀರ್ಮಾನ ಮಾಡಿಬಿಟ್ಟಿದ್ದರು. ಒಂದು ಕಾಗದ ಬರೆದರು. "ನಿಮ್ಮ ಸೇವೆ ನಾಳೆಯಿಂದ ಬೇಕಾಗಿಲ್ಲ. ನಿಮ್ಮ ಬಳಿ ಇರುವ ಬೀಗದ ಕೈಗಳನ್ನು ಕಂಪನಿಗೆ ತಂದು ಒಪ್ಪಿಸತಕ್ಕದ್ದು." ಕೆಳಗೆ ಸೈನು, ಸೈನಿನ ಮೇಲೆ ಕಂಪನಿ ಸೀಲು. ಕೋಪದಲ್ಲಿ ಯಾರಿಗೆ ಅಂತ ಹೆಸರು ಬರೆಯೋದನ್ನೇ ಮರೆತರು. ಜವರನ ಕೈಗಿಟ್ಟು, "ನಿಮ್ಮಮ್ಮನಿಗೆ ಕೊಡು" ಅಂದು, ಅವನ ಮುಖ ನೋಡೋಕೂ ಇಷ್ಟವಿಲ್ಲದೆ ಮನೆಗೆ ಹೋದರು.

ಮೇಡಂ ಕೈಯಿಂದ ಬಂತು! ಅಮ್ಮ ಹೇಳಿದ್ದು ಮರೀತಾನಾ?

ಜೆರಾಕ್ಸ್ ಮಿಷನ್ ಮುಂದೆ ನಿಂತು ಊರಿಗೊಂದು ಕಾಪಿ ತೆಗೆದ. ಒಂದೊಂದು ಪ್ಯಾಕೆಟ್ಟಿಗೂ ಒಂದೊಂದು ಹಾಕಿ, ಅಂಟು ಹಚ್ಚಿ, ವ್ಯಾನಿನವನಿಗೆ ನಗ್ತಾ ಎತ್ತಿ ಕೊಟ್ಟ. ಮಾಸ್ಟರ್ ಡಿಸ್ಕನ್ನೂ ಮೂಲ ಕಾಗದವನ್ನೂ ತಂದು ತಾಯಿ ಕೈಯಲ್ಲಿಟ್ಟ.

ತಾಯಿಗೆ ಓದು ಬಾರದು. ಪಕ್ಕದ ಮನೆಯವರು ಓದಿ ಹೇಳಿದರು. ದೊಡ್ಡತಾಯಮ್ಮ ಊಟ ಮಾಡಲಿಲ್ಲ. ಒಂದು ದಿನ ಎದ್ದೇಳಲೇ ಇಲ್ಲ. ಅದರ ಮಾರನೇ ಬೆಳಿಗ್ಗೆ ಎದ್ದು, ಕ್ಯಾಂಟೀನಿನ ಬೀಗದ ಕೈಯನ್ನೂ ಆ ಕಾಗದವನ್ನೂ ಸೆರಗಿಗೆ ಗಂಟು ಹಾಕಿಕೊಂಡು, ಮಾಸ್ಟರ್ ಡಿಸ್ಕು ಹಿಡಿದುಕೊಂಡು, ಮಗನನ್ನ ಕರೆದುಕೊಂಡು ಕಂಪನಿಗೆ ಹೊರಟಳು. ಅನ್ನ ಹೋಯ್ತಲ್ಲ ಅಂತ ದಾರಿ ಉದ್ದಕ್ಕೂ ಅಳು.

ಗೇಟಿನ ಹತ್ತಿರ ಬಂದು ನೋಡ್ತಾಳೆ, ಜನವೋ ಜನ! ಹಳ್ಳಿ ಹಳ್ಳಿಯ ಡೈರಿ ಸೆಕ್ರೆಟರಿಗಳೆಲ್ಲ ಬಂದಿದ್ದಾರೆ! ಬಿಳೀ ಪಂಚೆ, ಹೆಗಲ ಮೇಲೆ ಟವಲ್, ಒಂದು ಕೈಲಿ ಕಾಗದ, ಇನ್ನೊಂದು ಕೈಲಿ ಡೈರಿ ಬಾಗಿಲಿನ ಬೀಗದ ಕೈ! ಸೀಲು ಇದೆ, ಸೈನು ಇದೆ, ಯಾರು ಕಳಿಸಿದ್ದು ಯಾಕೆ ಅಂತ ಒಬ್ಬನಾದರೂ ಕೇಳಬೇಡವೇ? ಊಹೂಂ! ಹಾಲು ಹಾಕೋಕೆ ಬಂದ ಹೆಂಗಸರನ್ನ ಹಾಗೇ ಬೀದಿಯಲ್ಲಿ ನಿಲ್ಲಿಸಿ, ಡೈರಿಗೆ ಬೀಗ ಜಡಿದು ಬಸ್ ಹತ್ತಿದ್ದಾರೆ!

"ನಾನೇನು ತಪ್ಪು ಮಾಡ್ದೆ ಮೇಡಂ? ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವನಲ್ಲ!" ಅಂತ ಒಬ್ಬ ಅಳ್ತಾನೆ. "ತಗೊಳ್ಳಿ ನಿಮ್ಮ ಬೀಗದ ಕೈ!" ಅಂತ ಇನ್ನೊಬ್ಬ ಎಸೀತಾನೆ. ಮೇಡಂ ಬಾಗಿಲಲ್ಲಿ ನಿಂತಿದ್ದಾರೆ, ಮುಖ ಸುಣ್ಣದ ಗೋಡೆ. ಒಂದು ಕಾಗದ ಕಿತ್ತುಕೊಂಡು ಓದಿದರು. ತಮ್ಮದೇ ಸೈನು!

"ಜವರಾ! ಇದು ಇವರಿಗೆಲ್ಲ ಹೇಗೋ ಹೋಯ್ತು?"

"ಒಂದೂರೂ ಬಿಟ್ಟಿಲ್ಲ ಮೇಡಂ!" ಅಂದ ಜವರ, ಎದೆ ಉಬ್ಬಿಸಿಕೊಂಡು.

ಸೆಕ್ರೆಟರಿಗಳೆಲ್ಲ ಒಟ್ಟಿಗೆ ಗಲಾಟೆ ಎಬ್ಬಿಸಿದರು. ಮೇಡಂ ಎರಡೂ ಕೈ ಮೇಲೆತ್ತಿ, ಗಂಟಲು ಹರಿಯೋ ಹಾಗೆ ಕೂಗಿದರು: "ಯಾರ ಕೆಲಸಾನೂ ಹೋಗಿಲ್ಲ! ಆ ಕಾಗದ ಹರಿದು ಹಾಕಿ! ಈ ಕಾಗದ ಬಂದವರೆಲ್ಲ ಬೀಗದ ಕೈ ತಗೊಂಡು ನಿಮ್ಮ ನಿಮ್ಮ ಕೆಲಸಕ್ಕೆ ಹೋಗಿ! ದಮ್ಮಯ್ಯ, ಈಗಲೇ ಹೋಗಿ!"

ಪರ್ ಪರ್ ಅಂತ ಕಾಗದ ಹರಿದವು. ದೊಡ್ಡತಾಯಮ್ಮ ಕಣ್ಣು ಒರೆಸಿಕೊಂಡಳು. ಸೆರಗಿನಿಂದ ತನ್ನ ಕಾಗದ ತೆಗೆದು ಅವಳೂ ಹರಿದಳು. ಗುಂಪು ಸರಿಸಿಕೊಂಡು ಮುಂದೆ ಬಂದು, ಮೇಡಂ ಪಕ್ಕದಲ್ಲೇ ಹಾದು ಒಳಗೆ ಹೋಗಿ, ಕ್ಯಾಂಟೀನಿನ ಬೀಗ ತೆಗೆದು, ಒಲೆ ಹಚ್ಚಿದಳು. ಮೇಡಂ "ಏಯ್, ನೀನು..." ಅಂತ ಬಾಯಿ ತೆರೆದರು. ಸೆಕ್ರೆಟರಿಗಳೆಲ್ಲ ತಿರುಗಿ ನೋಡಿದರು. ಯಾರ ಕೆಲಸಾನೂ ಹೋಗಿಲ್ಲ ಅಂತ ಈಗ ತಾನೇ ಕೂಗಿದ್ದರಲ್ಲ, ತೆರೆದ ಬಾಯಿ ಮುಚ್ಚಿಕೊಂಡರು.

ಕ್ಯಾಂಟೀನಿನ ಬಾಗಿಲಿಂದ ದೊಡ್ಡತಾಯಮ್ಮ ತಲೆ ಹೊರಗೆ ಹಾಕಿ ಕೇಳಿದಳು: "ಟೀ ಎಷ್ಟು ಜನಕ್ಕೆ ಇಡಲಿ ಮೇಡಂ?"