ಬಿಸಿಲು ಕದ್ದವರು ಯಾರು?

"ಕೇಳ್ರಪ್ಪೋ ಕೇಳ್ರಿ! ಮರಳುಕೋಟೆಯ ದೊರೆ ಕರಿಭೂಪರ ಅಪ್ಪಣೆ! ಉಪ್ಪರಿಗೆಯ ಮೇಲಿನ ಕರಿ ಹಲಗೆ ಬಿಸಿಲು ಕುಡಿದು ಚಕ್ರ ತಿರುಗಿಸುತ್ತಿತ್ತು, ಈಗ ನಿಂತಿದೆ. ಬಿಸಿಲು ಕದ್ದನೆಂದು ಕಾವಲುಗಾರ ಬೊಮ್ಮಲಿಂಗ ಸೆರೆಯಲ್ಲಿದ್ದಾನೆ. ಹಲಗೆ ಮಾಡಿ ತೀರಿಕೊಂಡ ಮುದುಕ ಅದರ ಗುಟ್ಟಿನ ಮೂರು ಒಗಟು ಬಿಟ್ಟುಹೋಗಿದ್ದಾನೆ. ಬಿಡಿಸಿದವರಿಗೆ ಕೇಳಿದ ವರ! ತಪ್ಪಿದವರ ತಲೆ ಅಮಾವಾಸ್ಯೆಗೆ, ಬೊಮ್ಮಲಿಂಗನ ತಲೆಯ ಜೊತೆಗೆ!"

ಡಂಗುರ ಕೇಳಿದಾಗ ಗಾದ್ರಿ ಅರಮನೆಯ ಛತ್ರದಲ್ಲಿ ಎಂಜಲೆಲೆ ಎತ್ತುತ್ತಿದ್ದ. ಅದೇ ಅವನ ಕೆಲಸ. ಬೊಮ್ಮಲಿಂಗ ಅವನ ಒಡಹುಟ್ಟಿದ ಅಣ್ಣ. ಬಿಸಿಲನ್ನು ಕದ್ದು ಯಾವ ಚೀಲಕ್ಕೆ ತುಂಬುತ್ತಾರೆ ಎಂದು ಊರಲ್ಲಿ ಯಾರೂ ಕೇಳಲಿಲ್ಲ. ಕೇಳುವ ಧೈರ್ಯವಾದರೂ ಯಾರಿಗಿತ್ತು? ಹಗ್ಗ ಕಂಡರೂ ಹಾವೆನ್ನುವ ದೊರೆ ಅವನು. ತನ್ನ ಊಟವನ್ನು ಮೊದಲು ಬೆಕ್ಕಿಗೆ ಹಾಕಿಸುತ್ತಿದ್ದ. ಆಮೇಲೆ ಬೆಕ್ಕಿನ ಮೇಲೂ ಗುಮಾನಿ ಬಂದು ಇನ್ನೊಂದು ಬೆಕ್ಕು ತರಿಸುತ್ತಿದ್ದ.

ಮೂವರು ಮುಂದೆ ಬಂದರು. ಆಸ್ಥಾನದ ಪಂಡಿತ ಮೊದಲ ಒಗಟಿಗೇ ಎಡವಿದ. ವರ್ತಕರ ಮಗ ಎರಡನೆಯದಕ್ಕೆ ಬಿದ್ದ. ಪಾಳೆಯಗಾರನ ಮಗ ಮೂರನೆಯದರವರೆಗೂ ಹೋದ. ಅಲ್ಲಿ ಏನು ಹೇಳಿ ಕೆಟ್ಟನೋ, ಬಾಗಿಲು ಮುಚ್ಚಿತ್ತು, ಹೊರಗೆ ಕೇಳಲಿಲ್ಲ. ಮೂವರೂ ಸೆರೆ ಸೇರಿದರು. ಅಮಾವಾಸ್ಯೆಗೆ ಒಂದೇ ದಿನ ಉಳಿದಾಗ ಗಾದ್ರಿ ಕೈ ತೊಳೆದುಕೊಂಡು ಉಪ್ಪರಿಗೆಯ ಮೆಟ್ಟಿಲು ಹತ್ತಿದ.

ಅರ್ಧ ಮೆಟ್ಟಿಲಲ್ಲಿ ಓಲೆಭಂಡಾರಿ ಸೋಮರಸ ಎದುರಾದ. ಒಗಟಿನ ಉತ್ತರಗಳ ಓಲೆ ಇದ್ದದ್ದು ಇವನ ವಶದಲ್ಲಿ. "ನಿನ್ನ ಮುಖ ನೋಡಿದರೆ ಕರುಳು ಚುರ್ ಅನ್ನುತ್ತೆ ಕಣೋ ತಮ್ಮಾ," ಎಂದು ಪಿಸುಗುಟ್ಟಿದ. "ಮೊದಲೆರಡು ಹೇಗೋ ದಾಟು. ಮೂರನೆಯದಕ್ಕೆ 'ನೆರಳು' ಅನ್ನು. ಓಲೆಯಲ್ಲಿ ಅದೇ ಇದೆ."

ಗಾದ್ರಿ ಕೈಮುಗಿದ, ಆದರೆ ಎದೆ ಹಗುರಾಗಲಿಲ್ಲ. ಕೇಳದೆ ಬಡಿಸಿದ ತುಪ್ಪದಲ್ಲಿ ನೊಣ ಹುಡುಕು ಎನ್ನುತ್ತಿದ್ದಳು ಅವನ ಅವ್ವ.

ಉಪ್ಪರಿಗೆಯಲ್ಲಿ ಹತ್ತು ಮಂದಿ ಸಭಿಕರು ಸಾಲಾಗಿ ಕೂತಿದ್ದರು. ಪಡುವಣ ತುದಿಯಲ್ಲಿ ದೊರೆ. "ಛತ್ರದವನೇ? ಎಲೆ ಎತ್ತುವಾಗ ಎಷ್ಟು ಗುಟ್ಟು ಎತ್ತಿದ್ದೀಯೋ! ಕೇಳು. ಈ ಹಲಗೆಯ ಮುಂದೆ ಗಾಡಿ ಕೆಂಡ ಸುರಿದರೂ ಚಕ್ರ ಮಿಸುಕದು, ಅಂಗೈಯಗಲ ಬಿಸಿಲು ಬಿದ್ದರೆ ತಿರುಗುವುದು. ಅಷ್ಟೊಂದು ಸೋತಲ್ಲಿ ಇಷ್ಟು ಗೆದ್ದದ್ದು ಹೇಗೆ?"

ಗಾದ್ರಿ ತಲೆ ಕೆರೆದುಕೊಂಡ. "ಬುದ್ಧೀ, ನೆಲುವಿನ ಮೇಲೆ ಬೆಣ್ಣೆ ಗಡಿಗೆ ಇರ್ತದೆ. ಕೆಳಗೆ ನೂರು ಗಿಡ್ಡ ಕೂಸು ಕುಣಿದರೂ ಸಿಗಲ್ಲ. ಒಬ್ಬ ಉದ್ದನೆಯವ ಬಂದರೆ ಒಂದೇ ಸಲಕ್ಕೆ ಇಳಿಸ್ತಾನೆ. ಕೆಂಡದ ಬೆಳಕು ಬರೀ ಗಿಡ್ಡ ಕೂಸುಗಳು, ಒಂದರ ಹೆಗಲ ಮೇಲೊಂದು ಹತ್ತೋ ಬುದ್ಧಿ ಅವಕ್ಕಿಲ್ಲ. ಬಿಸಿಲಲ್ಲಿ ಉದ್ದನೆಯವರಿದ್ದಾರೆ. ಎಷ್ಟು ಜನ ಅನ್ನೋದಲ್ಲ ಬುದ್ಧಿ, ಎಷ್ಟೆತ್ತರ ಅನ್ನೋದು."

ದೊರೆಯ ಹುಬ್ಬು ಮೇಲೇರಿತು. "ಯಾರು ಹೇಳಿಕೊಟ್ಟರು ನಿನಗೆ? ಇರಲಿ. ಮುದುಕ ಮರಳು ತೊಳೆದು, ಕಾಸಿ, ಎಳ್ಳಷ್ಟೂ ಕೊಳೆಯಿಲ್ಲದಂತೆ ಈ ಹಲಗೆ ಎರೆದ. ಅದು ಸತ್ತಂತೆ ಬಿದ್ದಿತ್ತು. ಕೋಟಿಗೊಂದು ಕಣದಷ್ಟು ಕೊಳೆ ಬೆರೆಸಿದ, ಎದ್ದು ಕೆಲಸ ಮಾಡಿತು. ಆ ಕೊಳೆ ಏನು?"

"ಹೆಪ್ಪು, ಬುದ್ಧಿ. ಹಾಲು ಎಷ್ಟು ಚೊಕ್ಕವಾಗಿದ್ದರೂ ತಾನಾಗಿ ಗಟ್ಟಿ ಮೊಸರಾಗಲ್ಲ. ನಮ್ಮವ್ವ ಬೆರಳ ತುದಿಯಷ್ಟು ಹುಳಿ ಮಜ್ಜಿಗೆ ಬಿಡ್ತಾಳೆ. ಹೆಚ್ಚಾದರೆ ಕೆಟ್ಟಿತು, ಬಿಡದಿದ್ದರೆ ಬರೀ ಹಾಲು."

ಸಭೆ ಗುಸುಗುಸು ಎಂದಿತು. ದೊರೆ ಮುಂದಕ್ಕೆ ಬಾಗಿದ. "ಮೂರನೆಯದು. ಹಲಗೆಯೊಳಗೆ ಇಬ್ಬರ ಓಡಾಟ. ಒಬ್ಬ ಇದ್ದಾನೆ, ಇನ್ನೊಬ್ಬ ಇಲ್ಲ. ಇದ್ದವನು ಮೂಡಲಿಗೆ ಹೋದರೆ ಇಲ್ಲದವನು ಪಡುವಲಿಗೆ ನಡೆಯುತ್ತಾನೆ. ಆ ಇಲ್ಲದವನು ಯಾರು?"

'ನೆರಳು' ಎಂಬ ಮಾತು ಗಾದ್ರಿಯ ನಾಲಿಗೆಯ ತುದಿಗೆ ಬಂತು. ಅಣ್ಣನ ತಲೆ ಕಣ್ಣ ಮುಂದೆ ಬಂತು. ಸೋಮರಸ ರೆಪ್ಪೆ ಬಡಿಯದೆ ನೋಡುತ್ತಿದ್ದ. ನೆರಳು ಇಲ್ಲದವನು ಹೇಗಾದೀತು, ಅದು ಇದ್ದವನ ಬೆನ್ನಿಗೇ ಅಂಟಿಕೊಂಡಿರುತ್ತದಲ್ಲ ಎಂದು ಗಾದ್ರಿಗೆ ಅನ್ನಿಸಿತು.

"ಖಾಲಿ ಎಲೆ, ಬುದ್ಧಿ," ಎಂದ.

"ಓಲೆಯಲ್ಲಿ 'ನೆರಳು' ಅಂತಿದೆ!" ಎಂದು ದೊರೆ ಗುಡುಗಿದ.

"ಹಂಗಾದರೆ ಓಲೆಯೇ ತಪ್ಪು, ಬುದ್ಧಿ. ನಾನು ಊಟದ ಪಂಕ್ತಿಯಲ್ಲಿ ದಿನಾ ನೋಡ್ತೀನಿ. ಮೂಡಣ ತುದಿಯವರು ಒಬ್ಬರು ಏಳಲಿ. ಬಿಸಿಲೇ ಅವರನ್ನ ಎಬ್ಬಿಸ್ತು ಅನ್ನಿ. ಪಕ್ಕದವರು ಆ ಜಾಗಕ್ಕೆ ಸರೀರಿ. ಅವರ ಜಾಗಕ್ಕೆ ಅವರ ಪಕ್ಕದವರು."

ಸಭಿಕರು ಗೊಣಗುತ್ತ ಒಬ್ಬೊಬ್ಬರಾಗಿ ಮೂಡಲಿಗೆ ಸರಿದರು. ಖಾಲಿ ಜಾಗ ಪಡುವಲಿಗೆ ನಡೆದು ನಡೆದು ದೊರೆಯ ಪಕ್ಕಕ್ಕೇ ಬಂದು ಕೂತಿತು. ದೊರೆ ಬೆಚ್ಚಿ ಕತ್ತಿಗೆ ಕೈಹಾಕಿ, ಆಮೇಲೆ ನಾಚಿ ನಕ್ಕ. ರುಮಾಲಿನೊಳಗಿಂದ ಇನ್ನೊಂದು ಓಲೆ ತೆಗೆದ. "ಮುದುಕನ ನಿಜವಾದ ಓಲೆ ಇದು. 'ಖಾಲಿ ಜಾಗ' ಎಂದೇ ಬರೆದಿದ್ದಾನೆ. ಕದ್ದ ಉತ್ತರ ಹೇಳುವವರು ಯಾರೆಂದು ನೋಡಲು ಸೋಮರಸನನ್ನು ಮೆಟ್ಟಿಲಿಗೆ ಕಳಿಸಿದ್ದು ನಾನೇ. ಪಾಳೆಯಗಾರನ ಮಗ ಕದ್ದ ಉತ್ತರ ನಂಬಿ ಕೆಟ್ಟ. ಕೇಳು, ಏನು ವರ ಬೇಕು?"

"ಅಣ್ಣನ್ನ ಬಿಡಿ ಬುದ್ಧಿ. ಒಳಗಿರೋ ಆ ಮೂವರನ್ನೂ."

"ಮೂವರನ್ನು ಬಿಟ್ಟೆ. ನಿನ್ನಣ್ಣ ಕಳ್ಳ. ಅವನಲ್ಲದಿದ್ದರೆ ಬಿಸಿಲು ಕದ್ದವರು ಯಾರು?"

ಗಾದ್ರಿ ಹಲಗೆಯ ಕಡೆ ನೋಡಿದ. ಅದರ ಪಕ್ಕಕ್ಕೇ, ಉಪ್ಪರಿಗೆಯ ತೆಂಕಣ ಅಂಚಿನಲ್ಲಿ, ಆನೆಯೆತ್ತರದ ಹೊಸ ಗೋಡೆ ನಿಂತಿತ್ತು.

"ಈ ಗೋಡೆ ಯಾವಾಗ ಕಟ್ಟಿಸಿದ್ದು ಬುದ್ಧಿ?"

"ಬೇಸಿಗೆಯಲ್ಲಿ. ಹಲಗೆಯನ್ನು ಯಾರಾದರೂ ಕದ್ದಾರೆಂದು."

"ಆಗ ಸೂರ್ಯ ನೆತ್ತಿ ಮೇಲಿದ್ದ. ಈಗ ಧನುರ್ಮಾಸ, ತೆಂಕಲಿಗೆ ವಾಲಿದ್ದಾನೆ." ಗಾದ್ರಿ ಎಂಜಲು ಎತ್ತುವ ಕೈಯನ್ನು ಕರಿ ಹಲಗೆಯ ಮೇಲಿಟ್ಟ. ಅದು ತಣ್ಣಗಿತ್ತು. "ಕಳ್ಳ ಇಲ್ಲೇ ಮಲಗಿದ್ದಾನೆ ಬುದ್ಧಿ. ನೆರಳು. ನಿಮ್ಮ ಗೋಡೆಯದ್ದೇ."

ದೊರೆ ತಾನೇ ಎದ್ದು ಹೋಗಿ ಗೋಡೆಯ ಮೊದಲ ಕಲ್ಲು ಕಿತ್ತ. ಸಂಜೆಯೊಳಗೆ ಗೋಡೆ ಇಳಿಯಿತು. ಮರುದಿನ ಬಿಸಿಲೇರುವ ಹೊತ್ತಿಗೆ ಚಕ್ರ ಗಿರ್ರನೆ ತಿರುಗಿತು, ಬೊಮ್ಮಲಿಂಗ ಅದರ ಪಕ್ಕದಲ್ಲಿ ನಿಂತು ಮಗುವಿನಂತೆ ಅತ್ತ. ದೊರೆ ಗಾದ್ರಿಯನ್ನು ಹಲಗೆಯ ಮೇಲ್ವಿಚಾರಕನನ್ನಾಗಿ ಮಾಡಿ, ಪಂಕ್ತಿಯಲ್ಲಿ ತನ್ನ ಪಕ್ಕದ ಎಲೆಗೇ ಕೂರಿಸಿಕೊಂಡ.

ಬೆಕ್ಕುಗಳಿಗೆ ಅರಮನೆಯ ಕೆಲಸ ತಪ್ಪಿತು. ಹಾಗಾದರೆ ದೊರೆಯ ಅನುಮಾನ ಪೂರ್ತಿ ಹೋಯಿತೇ ಎಂದು ಕೇಳಬೇಡಿ. ಹೆಪ್ಪಿಗೆ ಬೇಕಾದಷ್ಟೇ ಉಳಿಯಿತು.