ಹತ್ತು ಎಣಿಸುವುದರೊಳಗೆ

ಹೊಳೆಯ ದಂಡೆಯ ಮೇಲೆ ಒಂದು ಸಣ್ಣ ಆಶ್ರಮವಿತ್ತು. ಅಲ್ಲಿ ಉಗ್ಗುವವರಿಗೆ ಮಾತು ಕಲಿಸುತ್ತಿದ್ದರು.

ಉಗ್ಗುವವರೆಂದರೆ ಮಾತು ಬಾರದವರಲ್ಲ. ಹೇಳಬೇಕಾದದ್ದೆಲ್ಲ ಅವರಿಗೆ ಗೊತ್ತಿರುತ್ತದೆ. ಆದರೆ ಮಾತು ತುಟಿಯ ತನಕ ಬಂದು ಅಲ್ಲೇ ನಿಂತುಬಿಡುತ್ತದೆ.

ಕಲಿಸುವ ಗುರುಗಳಿಗೆ ಎಂಬತ್ತರ ಹತ್ತಿರ ವಯಸ್ಸು. ಎಲ್ಲರೂ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಶಿಷ್ಯನ ಹೆಸರು ಮುರಿಗೆಪ್ಪ. ಅವನೂ ಉಗ್ಗುತ್ತಲೇ ಬಂದವನು. ಹದಿನೆಂಟು ವರ್ಷ ಅಜ್ಜಾರ ಜೊತೆ ಹೊಳೆಯ ಮುಂದೆ ಕೂತು ಉಸಿರು ಬಿಡುವುದನ್ನು ಕಲಿತು, ಈಗ ಸರಾಗವಾಗಿ ಮಾತಾಡುತ್ತಿದ್ದ.

ದೂರದವರು ಆಶ್ರಮಕ್ಕೆ ಬರಲಾರರು. ಅದಕ್ಕೆಂದೇ ಮುರಿಗೆಪ್ಪ ಮೊಬೈಲಿನಲ್ಲಿ ಒಂದು ಕೂಟ ಕಟ್ಟಿದ್ದ. ಬೆಳಿಗ್ಗೆ ಆರಕ್ಕೆ ಲಿಂಕ್ ಒತ್ತಿದರೆ ಯಾರು ಬೇಕಾದರೂ ಒಳಗೆ ಬರಬಹುದು. ಮುಖ ಕಾಣುವುದಿಲ್ಲ, ಧ್ವನಿ ಮಾತ್ರ ಕೇಳುತ್ತದೆ. ಒಬ್ಬರು ಮಾತಾಡುತ್ತಾರೆ. ಎಷ್ಟು ಹೊತ್ತಾದರೂ ಉಳಿದವರು ಕಾಯುತ್ತಾರೆ. ಪಾಠವೆಂದರೆ ಅಷ್ಟೇ.

ಅಜ್ಜಾರು ಮುರಿಗೆಪ್ಪನ ಪಕ್ಕದಲ್ಲಿ ಕೂತು ಅವನ ಫೋನಿನಲ್ಲೇ ಕೇಳುತ್ತಿದ್ದರು.

ಆ ಕೂಟಕ್ಕೆ ಒಬ್ಬ ಕಿಡಿಗೇಡಿ ಬರತೊಡಗಿದ. ಯಾರಾದರೂ ತಡವರಿಸಿದರೆ ಸಾಕು, "ನ-ನ-ನಮಸ್ಕಾರ್ರೀ" ಎಂದು ಅಣಕಿಸಿ ನಗುತ್ತಿದ್ದ. ತೆಗೆದುಹಾಕಿದರೆ ಇನ್ನೊಂದು ನಂಬರಿನಿಂದ ಬರುತ್ತಿದ್ದ. ಪ್ರತಿ ಸಲವೂ ಹೊಸ ಹೆಸರು. ಹೆಸರಿನ ಪಕ್ಕದ ಚಿತ್ರ ಮಾತ್ರ ಅದೇ: ಕರಿ ಕನ್ನಡಕ ಹಾಕಿದ ಕತ್ತೆ.

"ಅಜ್ಜಾರ, ಇದಕ್ಕ ಏನರ ಮಾಡಬೇಕ್ರಿ," ಎಂದ ಮುರಿಗೆಪ್ಪ. "ನಿನ್ನೆ ಇಬ್ಬರು ಅತ್ತು ಎದ್ದುಹೋದ್ರು."

"ಮಾಡಬೇಕು."

"ಬಾಗಿಲಿಗೆ ಕಾವಲು ಹಾಕ್ತೀನ್ರಿ."

"ಕಾಯೋರು ಯಾರು?"

"ಫೋನ ಕಾಯ್ತೈತ್ರಿ. ಬಂದವರು ಹತ್ತು ಎಣಿಸೂದರಾಗ ತಮ್ಮ ಹೆಸರು ಹೇಳಬೇಕು. ಹೇಳದಿದ್ರ ತಾನ ಹೊರಗ ಹಾಕ್ತೈತಿ. ಕಳ್ಳ ಎಲ್ಲೆರ ಹೆಸರು ಹೇಳ್ತಾನೇನ್ರಿ?"

ಅಜ್ಜಾರು ಅವನನ್ನು ಒಂದು ಗಳಿಗೆ ನೋಡಿದರು. "ಹಾಕಿ ನೋಡು," ಎಂದರು.

ಎಂಟು ದಿನ ಕೂಟ ಶಾಂತವಾಗಿತ್ತು.

"ಕತ್ತೆ ಓಡಿಹೋತ್ರಿ ಅಜ್ಜಾರ!"

"ಮಂದಿ ಎಷ್ಟ ಅದಾರ?"

"ಮೊದಲ ನಲವತ್ತಿದ್ರು. ಈಗ ಹದಿನೇಳು. ಆದ್ರ ಎಲ್ಲಾರೂ ಸ್ವಚ್ಛ ಮಾತಾಡ್ತಾರ್ರಿ."

"ಸ್ವಚ್ಛ ಮಾತಾಡೋರು ಇಲ್ಲಿಗೆ ಯಾಕ ಬರ್ತಾರೋ ಮುರಿಗ್ಯಾ?"

ಅಜ್ಜಾರು ಚೇಷ್ಟೆ ಮಾಡುತ್ತಿದ್ದಾರೆಂದು ಮುರಿಗೆಪ್ಪ ನಕ್ಕುಬಿಟ್ಟ.

ಒಂಬತ್ತನೆಯ ದಿನ ಕತ್ತೆ ಬಂತು. ಫೋನು ಹೆಸರು ಕೇಳಿತು. "ಕುಮಾರ" ಎಂದು ಥಟ್ಟನೆ ಹೇಳಿ ಒಳಗೆ ಬಂದ. ಅದು ಅವನ ನಿಜವಾದ ಹೆಸರಲ್ಲದೆ ಇರಬಹುದು. ಫೋನಿಗೆ ಅದು ಹೇಗೆ ಗೊತ್ತಾಗಬೇಕು? ಬಂದವನೇ ಅಣಕಿಸಿ ನಕ್ಕು ಹೋದ.

ಮುರಿಗೆಪ್ಪನ ಮುಖ ಕೆಂಪಾಯಿತು. "ಹತ್ತು ಹೆಚ್ಚಾತ್ರಿ. ನಾಳಿಂದ ಐದಕ್ಕ ಇಳಸ್ತೀನಿ."

"ಇಳಸು. ಅದಕ್ಕೂ ಮೊದಲ ನನ್ನ ಒಳಗ ಬಿಡು."

"ನೀವು ಒಳಗ ಅದೀರಲ್ರಿ."

"ನಿನ್ನ ಹೆಗಲ ಮ್ಯಾಲೆ ಕೂತು ಬಂದೀನಿ. ಇವತ್ತ ನನ್ನ ಕಾಲಿಲೆ ಬರ್ತೀನಿ."

ಅಡುಗೆಯ ಫಕೀರಪ್ಪನ ಫೋನು ತರಿಸಿ ಅಜ್ಜಾರು ಲಿಂಕ್ ಒತ್ತಿದರು. "ನಿಮ್ಮ ಹೆಸರು ಹೇಳಿ," ಎಂದಿತು ಫೋನು.

ಅಜ್ಜಾರು ಕಣ್ಣು ಮುಚ್ಚಿದರು. ಬಾಯಿ ತೆರೆದರು. ಧ್ವನಿ ಬರಲಿಲ್ಲ. ತುಟಿ ನಡುಗಿತು. ಕೊರಳಿನ ನರ ಹಗ್ಗದಂತೆ ಎದ್ದು ನಿಂತಿತು. ಎಡಗೈ ಹೊದ್ದ ಶಾಲನ್ನು ಹಿಡಿದು ಹಿಂಡಿತು.

"ಚ…"

ಫೋನು ಟಿಣ್ ಎಂದಿತು. ಅಜ್ಜಾರು ಹೊರಗೆ ಬಿದ್ದಿದ್ದರು.

ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಬಿದ್ದರು. ಮೂರನೆಯ ಸಲವೂ ಅಷ್ಟೇ.

ಮುರಿಗೆಪ್ಪ ಹದಿನೆಂಟು ವರ್ಷ ಅವರ ಜೊತೆಗಿದ್ದವನು. ಅಜ್ಜಾರು ನಿಧಾನವಾಗಿ ಮಾತಾಡುವುದನ್ನು ಕೇಳಿದ್ದ, ಹಾಡುವುದನ್ನು ಕೇಳಿದ್ದ. ಅವರು ತಮ್ಮ ಹೆಸರು ಹೇಳಿಕೊಂಡದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಗುರುಗಳ ಹೆಸರನ್ನು ಗುರುಗಳ ಹತ್ತಿರವೇ ಯಾರು ಕೇಳುತ್ತಾರೆ?

ಆಗ ಅವನಿಗೆ ತನ್ನ ಹಳೆಯ ದಿನಗಳು ನೆನಪಾದವು. ಬೇರೆ ಯಾವ ಮಾತು ನಿಂತರೂ ಅದರ ಬದಲು ಇನ್ನೊಂದು ಮಾತು ಹಾಕಬಹುದು. ನೀರು ಎನ್ನಲು ಬಾರದಿದ್ದರೆ ಬಾಯಾರಿದೆ ಎನ್ನಬಹುದು. ಹೆಸರಿಗೆ ಬದಲಿಯಿಲ್ಲ. ಉಗ್ಗುವವರಿಗೆ ಅದಕ್ಕಿಂತ ಕಷ್ಟದ ಮಾತಿಲ್ಲ. ಅದನ್ನು ಅವನು ಬಾಗಿಲಲ್ಲಿ ಇಟ್ಟಿದ್ದ.

"ಅಜ್ಜಾರ, ನಿಮಗ… ಉಗ್ಗು ಇನ್ನೂ ಐತೇನ್ರಿ?"

"ಹೋಗೈತಿ ಅಂತ ನಾ ಯಾವಾಗ ಹೇಳೀನಿ?"

ಮುರಿಗೆಪ್ಪ ಅವರ ಕಾಲಿಗೆ ಬಾಗಿದ.

"ಕಾಲು ಆಮ್ಯಾಲೆ ಮುಟ್ಟು. ಹೊರಗ ಬಿದ್ದವರು ಯಾರ್ಯಾರು ನೋಡು."

ಅವನು ಫೋನು ತೆರೆದು ನೋಡಿದ. ಬಹಳ ಮಂದಿ ಇದ್ದರು. ಒಂದು ನಂಬರು ನಾಲ್ಕು ಸಲ ಬಂದು ನಾಲ್ಕು ಸಲವೂ ಬಿದ್ದಿತ್ತು. ಹೆಸರಿರಬೇಕಾದ ಜಾಗದಲ್ಲಿ ಒಂದು ಚುಕ್ಕಿ. ಆ ನಂಬರಿನಿಂದ ಒಂದು ಸಂದೇಶವೂ ಬಂದಿತ್ತು. ಮುರಿಗೆಪ್ಪ ಗಟ್ಟಿಯಾಗಿ ಓದಿದ:

"ಅಣ್ಣಾ, ನನ್ನ ಹೆಸರು ಅಷ್ಟು ಬೇಗ ಬರುವುದಿಲ್ಲ. ನನ್ನ ಹೊಲಿಗೆ ಅಂಗಡಿಗೆ ಬರುವವರು ಕೇಳಿದರೆ ಉಮಾ ಎಂದು ಸುಳ್ಳು ಹೇಳುತ್ತೇನೆ. ಉಮಾ ಬೇಗ ಬರುತ್ತದೆ. ಇಲ್ಲಿಯಾದರೂ ನಿಜ ಹೇಳಬೇಕೆಂದು ನಾಲ್ಕು ಸಲ ನೋಡಿದೆ. ನಿಮಗೆ ತೊಂದರೆ ಕೊಟ್ಟೆ. ಇನ್ನು ಬರುವುದಿಲ್ಲ."

ಮುರಿಗೆಪ್ಪ ಫೋನನ್ನು ಅಜ್ಜಾರ ಮುಂದೆ ಹಿಡಿದ.

"ಏನಂತ ಬರೀಲ್ರಿ ಇವರಿಗೆ?"

"ಅಜ್ಜನ್ನೂ ಮೂರು ಸಲ ಹೊರಗ ಹಾಕೈತಿ, ನಾಳೆ ಇಬ್ಬರೂ ಕೂಡಿ ಬರೂಣು ಅಂತ ಬರಿ."

ಮುರಿಗೆಪ್ಪ ಬರೆದ. ಆದರೆ ಅವನ ಹೆದರಿಕೆ ಹೋಗಲಿಲ್ಲ. "ಕಾವಲು ತೆಗದ್ರ ಕತ್ತೆ ಬರ್ತೈತ್ರಿ. ಈಕಿನ್ನ ಅಣಕಿಸಿದ್ರ, ಈಕಿ ಮತ್ತೆಂದೂ ಬಾಯಿ ತೆರಿಯಂಗಿಲ್ಲ."

"ಖರೆ ಐತಿ. ನಿನಗ ತ್ರಾಸ ಕೊಟ್ಟದ್ದು ಅವನ ಕಿವಿಯೋ, ಬಾಯಿಯೋ?"

"ಬಾಯಿ ರಿ."

"ಮತ್ತ ಬಾಗಿಲದಾಗ ಯಾಕ ಕೂತಿ? ಬಾಯಿಗೆ ಕಾವಲು ಹಾಕು."

ಮುರಿಗೆಪ್ಪ ಆ ಸಂಜೆಯೆಲ್ಲ ಕೂತು ಹೊಸ ಏರ್ಪಾಡು ಮಾಡಿದ. ಅದು ಹೀಗೆ: ಯಾರು ಬೇಕಾದರೂ ಒಳಗೆ ಬಂದು ಕೇಳಬಹುದು, ಹೆಸರು ಹೇಳಬೇಕಾಗಿಲ್ಲ. ಆದರೆ ಬಂದವರ ಮೈಕ್ ಮುಚ್ಚಿಯೇ ಇರುತ್ತದೆ. ಮಾತು ಮುಗಿಸಿದವರು ಮುಂದಿನವರನ್ನು ಕರೆಯಬೇಕು. ಕರೆಸಿಕೊಂಡವರ ಮೈಕನ್ನು ಮಾತ್ರ ಮುರಿಗೆಪ್ಪ ತೆರೆಯುತ್ತಾನೆ. ಅಣಕಿಸಿದರೆ ಆಗಲೇ ಮುಚ್ಚುತ್ತಾನೆ. ಹೊರಗೆ ಬಿದ್ದವರಿಗೆಲ್ಲ ಇದನ್ನು ಬರೆದು ತಿಳಿಸಿದ.

ಮರುದಿನ ಆರಕ್ಕೆ ಒಬ್ಬೊಬ್ಬರಾಗಿ ಬಂದರು. ಹದಿನೇಳು, ಇಪ್ಪತ್ತೈದು, ನಲವತ್ತು. ಕತ್ತೆಯೂ ಬಂತು. ಇವತ್ತು ಅದರ ಹೆಸರು ಪ್ರಕಾಶ.

ಚುಕ್ಕಿ ಬರಲಿಲ್ಲ.

ಆರೂ ಹತ್ತಾಯಿತು. ಅಜ್ಜಾರು ಫಕೀರಪ್ಪನ ಫೋನನ್ನು ತುಟಿಯ ಹತ್ತಿರ ಹಿಡಿದು ತಮ್ಮ ಹೆಸರು ಹೇಳಲು ತೊಡಗಿದರು. ಮೊದಲ ಅಕ್ಷರ ಹೊರಡಲು ಒಂದು ನಿಮಿಷ ಬೇಕಾಯಿತು. ಅವರು ನಾಚಲಿಲ್ಲ, ಅವಸರ ಮಾಡಲಿಲ್ಲ. ಭಾರವಾದ ತೊಲೆಯನ್ನು ಒಬ್ಬರೇ ಎತ್ತಿ ನಿಲ್ಲಿಸುವಂತೆ ಹೇಳಿದರು.

"ಚ… ಚನ್… ಚನ್ನವೀರಯ್ಯ."

ಅಷ್ಟರಲ್ಲಿ ಪಟ್ಟಿಯ ಕೊನೆಗೆ ಒಂದು ಚುಕ್ಕಿ ಬಂದು ಕೂತಿತ್ತು.

"ಚುಕ್ಕಿ ಇಟ್ಟುಕೊಂಡ ತಂಗೆವ್ವಾ, ಈಗ ನೀ ಹೇಳವ್ವಾ," ಎಂದರು ಅಜ್ಜಾರು.

ಮುರಿಗೆಪ್ಪ ಅವಳ ಮೈಕ್ ತೆರೆದ. ಮೊದಲು ಉಸಿರು ಕೇಳಿಸಿತು. ಆಮೇಲೆ, "ಬ…"

ಅಲ್ಲೇ ನಿಂತಿತು.

ಒಂದು ನಿಮಿಷ. ಎರಡು ನಿಮಿಷ. ಯಾರೂ ಕೂಟ ಬಿಟ್ಟು ಹೋಗಲಿಲ್ಲ. ಎಲ್ಲೆಲ್ಲಿಯೋ ಇರುವ ನಲವತ್ತು ಚಿಲ್ಲರೆ ಜನ, ಒಬ್ಬರ ಮುಖ ಒಬ್ಬರು ಕಾಣದವರು, ಒಂದೇ ಒಂದು ಅಕ್ಷರಕ್ಕಾಗಿ ಉಸಿರು ಹಿಡಿದು ಕಾಯುತ್ತಿದ್ದರು. ಆಶ್ರಮದಲ್ಲಿ ಎಷ್ಟೋ ಪೂಜೆಗಳನ್ನು ನೋಡಿದ್ದ ಮುರಿಗೆಪ್ಪನಿಗೆ ಇಂಥ ಮೌನ ಎಂದೂ ಸಿಕ್ಕಿರಲಿಲ್ಲ.

"ಬಂ… ಬಂಗಾ… ಬಂಗಾರೆವ್ವ."

ಮುರಿಗೆಪ್ಪನ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಪಟ್ಟಿ ನೋಡಿದ. ಕತ್ತೆ ಇನ್ನೂ ಅಲ್ಲೇ ಇತ್ತು. ಮೈಕ್ ಮುಚ್ಚಿದ್ದರಿಂದ ಅವನು ನಗುತ್ತಿದ್ದಾನೋ ಸುಮ್ಮನೆ ಕೇಳುತ್ತಿದ್ದಾನೋ ತಿಳಿಯುವಂತಿರಲಿಲ್ಲ. ಮುರಿಗೆಪ್ಪನ ಬೆರಳು ಅವನನ್ನು ತೆಗೆದುಹಾಕುವ ಗುಂಡಿಯ ಮೇಲೆ ನಿಂತಿತು.

"ಅಜ್ಜಾರ," ಎಂದು ಪಿಸುಗುಟ್ಟಿದ, "ಕತ್ತೆ ಹೋಗಿಲ್ರಿ. ತೆಗೀಲೋ, ಇರಲೋ?"

ಫೋನಿನಲ್ಲಿ ಅವಳ ಧ್ವನಿ ಮತ್ತೆ ಕೇಳಿತು. "ನ… ನಮ್ಮೂರು…"

ಅಜ್ಜಾರು ಅವನ ಕೈಯನ್ನು ಮೆಲ್ಲಗೆ ಹಿಡಿದುಕೊಂಡರು.

"ಸುಮ್ಮನಿರು. ಆಕಿ ಊರಿನ ಹೆಸರು ಇನ್ನೂ ಬರೂದೈತಿ."